ಗುಡಿ ಇಲ್ಲೇ ಐತಲ್ಲ, ಮತ್ತ್ಯಾಕ ಬರೀತೀರಿ?

ಪಿಎಚ್.ಡಿ. ಸೇರಿದ ಮೊದಲ ವರ್ಷ ನನ್ನ ಗೈಡ್ ಒಂದು ಷರತ್ತು ಹಾಕಿದ್ದರು. ಯಾವ ಗುಡಿಗೆ ಹೋದರೂ ಮೊದಲ ದಿನ ಫೋಟೋ ತೆಗೆಯುವಂತಿಲ್ಲ. ನೋಟ್‌ಬುಕ್ಕು, ಪೆನ್ಸಿಲು, ಅಳತೆ ಟೇಪು ಹಿಡಿದು ಕೂತು, ಕಂಡದ್ದನ್ನು ಕೈಯಾರೆ ಬರೆದುಕೊಂಡು ಬರಬೇಕು. ಹತ್ತು ನಿಮಿಷದಲ್ಲಿ ಇನ್ನೂರು ಫೋಟೋ ತೆಗೆಯಬಲ್ಲ ಮೊಬೈಲು ಜೇಬಿನಲ್ಲಿರುವಾಗ ಇದು ಹಳೇ ಮೇಷ್ಟರ ಹಟ ಅನ್ನಿಸಿತ್ತು.

ನಾನು ಮೊದಲು ಹೋದದ್ದು ಗದಗ ಜಿಲ್ಲೆಯ ಡಂಬಳಕ್ಕೆ. ಅಲ್ಲಿನ ದೊಡ್ಡಬಸಪ್ಪನ ಗುಡಿಯ ಗರ್ಭಗೃಹ ನಕ್ಷತ್ರದ ಆಕಾರದ್ದು. ಒಂದೇ ನಡುಬಿಂದುವಿನ ಮೇಲೆ ಚೌಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಮೂಡುವ 24 ಮೂಲೆಗಳ ನಕ್ಷತ್ರ. ಇದನ್ನು ಪುಸ್ತಕದಲ್ಲಿ ಓದಿಕೊಂಡೇ ಹೋಗಿದ್ದೆ. ಆದರೂ ಮಧ್ಯಾಹ್ನದ ತನಕ ಗುಡಿ ಸುತ್ತಿ ಸುತ್ತಿ ಬರೆದ ನನ್ನ ನಕ್ಷೆಯಲ್ಲಿ ಇದ್ದದ್ದು 21 ಮೂಲೆ. ಮೂರು ಮೂಲೆ ಎಲ್ಲಿ ಕಳೆದುಹೋದವು ಎಂದು ಹುಡುಕುತ್ತಿದ್ದಾಗ, ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ಅಜ್ಜ ಒಬ್ಬರು ಕೇಳಿದರು:

“ಏನ್ ಬರೀಲಿಕ್ಕತ್ತೀರಿ?”

“ಗುಡಿ, ಅಜ್ಜಾರ.”

“ಗುಡಿ ಇಲ್ಲೇ ಐತಲ್ಲ, ಮತ್ತ್ಯಾಕ ಬರೀತೀರಿ?”

ನನಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ನಕ್ಕೆ.

ನನ್ನ ಸಂಶೋಧನೆಯ ವಿಷಯ, ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಹಳೆಯ ಗುಡಿಗಳು ಕಾಗದದ ಮೇಲೆ ಹೇಗೆ ಬಂದವು ಎಂಬುದು. ಗುಡಿಗಳನ್ನು ಬರೆದವರು ಬರೆಯುವುದನ್ನು ಎಲ್ಲಿ ಕಲಿತರು ಎಂದು ಹಿಂದೆ ಹಿಂದೆ ಹೋದಂತೆ, ದಾರಿ ನನ್ನನ್ನು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಚಿತ್ರಕಲಾ ಶಾಲೆಗಳಿಗೆ ಕರೆದುಕೊಂಡು ಹೋಯಿತು. ಅಲ್ಲಿನ ವಿದ್ಯಾರ್ಥಿಗಳು ಕಂಬ, ಕಮಾನು, ಬೋದಿಗೆಗಳನ್ನು ವರ್ಷಗಟ್ಟಲೆ ಬರೆದರು. ಯಾಕೆ ಬರೆದರು ಎಂಬ ಅಜ್ಜನ ಪ್ರಶ್ನೆಗೆ ಅವರ ಕಾಲದಲ್ಲಿ ಒಂದಲ್ಲ, ಕನಿಷ್ಠ ಮೂರು ಉತ್ತರಗಳಿದ್ದವು.

*

ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಅದೇ ವರ್ಷ ಲಂಡನ್ನಿನ ಸಾಮರ್‌ಸೆಟ್ ಹೌಸಿನಲ್ಲಿ ಸರ್ಕಾರದ ವಿನ್ಯಾಸ ಶಾಲೆ ಶುರುವಾಯಿತು. ರಾಯಲ್ ಅಕಾಡೆಮಿ ಖಾಲಿ ಮಾಡಿಹೋಗಿದ್ದ ಕೋಣೆಗಳಲ್ಲೇ ಈ ಶಾಲೆ ಕೂತಿತು. ಹಾಗೆಂದು ಇಬ್ಬರ ಉದ್ದೇಶ ಒಂದೇ ಆಗಿರಲಿಲ್ಲ. ಅಕಾಡೆಮಿಗೆ ಬೇಕಾಗಿದ್ದದ್ದು ಕಲಾವಿದರು, ಸರ್ಕಾರಕ್ಕೆ ಬೇಕಾಗಿದ್ದದ್ದು ಕಾರ್ಖಾನೆಗಳಿಗೆ ನಮೂನೆ ಬರೆದುಕೊಡುವವರು. ಬ್ರಿಟನ್ನಿನ ಯಂತ್ರಗಳು ಎಷ್ಟು ಬಟ್ಟೆ ನೇಯ್ದರೂ ಅಂದಚೆಂದದಲ್ಲಿ ಫ್ರಾನ್ಸಿನ ಮಾಲೇ ಮೇಲು ಎಂಬ ಅಳುಕು ಅಲ್ಲಿನ ವ್ಯಾಪಾರಿಗಳಿಗಿತ್ತು. ವಿಲಿಯಂ ಯೂವರ್ಟ್ ನೇತೃತ್ವದಲ್ಲಿ 1835-36ರಲ್ಲಿ ಕೂತ ಪಾರ್ಲಿಮೆಂಟಿನ ಸಮಿತಿ ಈ ಅಳುಕಿಗೆ ಕಂಡುಕೊಂಡ ಮದ್ದು, ಚಿತ್ರಪಾಠ.

ಆ ಪಾಠಕ್ಕೆ ಬಿಗಿಯಾದ ಚೌಕಟ್ಟು ಬಂದದ್ದು ಹೆನ್ರಿ ಕೋಲ್ ಎಂಬ ಅಧಿಕಾರಿಯಿಂದ. 1851ರ ಮಹಾ ವಸ್ತುಪ್ರದರ್ಶನವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಅವನು ಪ್ರಮುಖ. ಮರುವರ್ಷವೇ ಕಲಾಶಿಕ್ಷಣದ ಇಲಾಖೆ ಅವನ ಕೈಗೆ ಬಂತು. ಚಿತ್ರಕಾರ ರಿಚರ್ಡ್ ರೆಡ್‌ಗ್ರೇವ್ ಜೊತೆ ಸೇರಿ ಅವನು ಇಡೀ ದೇಶಕ್ಕೆ ಒಂದೇ ಪಠ್ಯಕ್ರಮ ಮಾಡಿದ. ಇಲಾಖೆ ಆಮೇಲೆ ಸೌತ್ ಕೆನ್ಸಿಂಗ್ಟನ್ನಿಗೆ ಹೋದದ್ದರಿಂದ ಈ ಪದ್ಧತಿಗೂ ಆ ಬಡಾವಣೆಯ ಹೆಸರೇ ನಿಂತಿತು.

ಆ ಪಠ್ಯಕ್ರಮದಲ್ಲಿ 23 ಮೆಟ್ಟಿಲು. ಮೊದಲ ಮೆಟ್ಟಿಲಲ್ಲಿ ಸ್ಕೇಲು, ಕೈವಾರ ಹಿಡಿದು ರೇಖಾಗಣಿತ. ಅಲ್ಲೇ ಯಂತ್ರಗಳ ಮತ್ತು ಕಟ್ಟಡದ ಭಾಗಗಳ ಗೆರೆಚಿತ್ರ. ಆದರೆ ಕಟ್ಟಡವನ್ನು ನೋಡಿ ಅಲ್ಲ, ಅಚ್ಚಾದ ಹಾಳೆಯನ್ನು ನೋಡಿ. ಆಮೇಲೆ ಕೈಗೆರೆ, ಅದೂ ಹಾಳೆ ನೋಡಿ. ಆಮೇಲೆ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ರೋಮನ್ ಎಲೆಬಳ್ಳಿ. ಹೀಗೆ ನೆರಳು, ಹೂವು, ಮನುಷ್ಯದೇಹ, ಬಣ್ಣ ಎಲ್ಲ ದಾಟಿ, ಕಟ್ಟಕಡೆಗೆ ಸ್ವಂತ ವಿನ್ಯಾಸ. ಬಹುಪಾಲು ವಿದ್ಯಾರ್ಥಿಗಳು ಕೊನೆಯ ಮೆಟ್ಟಿಲಿನ ಮುಖ ಕಾಣದೆಯೇ ಶಾಲೆ ಬಿಟ್ಟರು. ಒಂದೇ ಒಂದು ಎರಕದ ಎಲೆಗೆ ಸೀಮೆಸುಣ್ಣದ ಚುಕ್ಕೆಯಿಟ್ಟು ನೆರಳು ಕೂರಿಸುವುದರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. ತಪ್ಪಿದ್ದನ್ನು ಅಳಿಸಲು ಬ್ರೆಡ್ಡಿನ ಮೆದು ತಿರುಳು. ಪರೀಕ್ಷೆಯ ಪ್ರಶ್ನೆಗಳು ಲಂಡನ್ನಿನಿಂದ ಬರುತ್ತಿದ್ದವು, ವಿದ್ಯಾರ್ಥಿಗಳ ಕೆಲಸ ಲಂಡನ್ನಿಗೆ ಹೋಗುತ್ತಿತ್ತು. ಎಷ್ಟು ಮಂದಿ ಪಾಸಾದರು ಎಂಬುದರ ಮೇಲೆ ಶಾಲೆಗೂ ಮೇಷ್ಟರಿಗೂ ಸಿಗುವ ಹಣ ನಿಂತಿತ್ತು. ಹಾಗಿದ್ದ ಮೇಲೆ ಯಾವ ಮೇಷ್ಟರು ತಾನೇ ಹುಡುಗರನ್ನು ಬೀದಿಗೆ ಕರೆದೊಯ್ದು ನಿಜವಾದ ಕಟ್ಟಡದ ಮುಂದೆ ಕೂರಿಸಿಯಾರು?

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪದ್ಧತಿಯ ಪರಿಚಯ ಬೇರೊಂದು ದಾರಿಯಿಂದ ಆಗಿರುತ್ತದೆ. ಡಿಕನ್ಸ್‌ನ ‘ಹಾರ್ಡ್ ಟೈಮ್ಸ್’ ಬಂದದ್ದು 1854ರಲ್ಲಿ. ಅದರ ತರಗತಿಯ ದೃಶ್ಯದಲ್ಲಿ ಸರ್ಕಾರದ ಸಾಹೇಬನೊಬ್ಬ ಬಂದು, ಗೋಡೆಯ ಕಾಗದದ ಮೇಲೆ ಕುದುರೆಯ ಚಿತ್ರ ಇರಬಹುದೇ, ನೆಲಹಾಸಿನ ಮೇಲೆ ಹೂವಿನ ಚಿತ್ರ ಇರಬಹುದೇ ಎಂದು ಮಕ್ಕಳನ್ನು ಕೇಳುತ್ತಾನೆ. ಗೋಡೆಯ ಮೇಲೆ ಕುದುರೆ ಓಡುವುದಿಲ್ಲವಾದ್ದರಿಂದ ಅಲ್ಲಿ ಅದರ ಚಿತ್ರವೂ ಕೂಡದು ಎಂಬುದು ಅವನ ವಾದ. ಡಿಕನ್ಸ್ ಅಲ್ಲಿ ಗೇಲಿ ಮಾಡಿದ್ದು ಹೆನ್ರಿ ಕೋಲ್ ಮತ್ತು ಅವನ ಬಳಗವನ್ನು.

ಇದನ್ನೆಲ್ಲ ಓದುವಾಗ ನನಗೆ ಕನ್ನಡ ಶಾಲೆಯ ಸ್ಲೇಟು ನೆನಪಾಗುತ್ತಿತ್ತು. ಮೇಷ್ಟರು ಬರೆದುಕೊಟ್ಟ ‘ಅ’ದ ಮೇಲೆಯೇ ಮತ್ತೆ ಮತ್ತೆ ಬಳಪ ಆಡಿಸುವುದನ್ನು ನಾವು ‘ತಿದ್ದುವುದು’ ಎನ್ನುತ್ತೇವೆ. ತಪ್ಪನ್ನು ಸರಿಮಾಡುವುದಕ್ಕೂ ಅದೇ ಮಾತು. ಚಿತ್ರವನ್ನೂ ಅಕ್ಷರವನ್ನೂ ಒಂದೇ ಕ್ರಿಯಾಪದದಲ್ಲಿ ‘ಬರೆಯುವ’ ನಮಗೆ, ತಿದ್ದದೆ ಬರೆಯಲು ಬಾರದು ಎಂಬುದು ಗೊತ್ತು. ಸೌತ್ ಕೆನ್ಸಿಂಗ್ಟನ್ನಿನ ತಪ್ಪು ತಿದ್ದಿಸಿದ್ದರಲ್ಲಿ ಇರಲಿಲ್ಲ. ಎಷ್ಟು ವರ್ಷ ಕಳೆದರೂ ಸ್ಲೇಟನ್ನು ಕಿತ್ತುಕೊಳ್ಳದೇ ಇದ್ದದ್ದರಲ್ಲಿತ್ತು. ಯಾಕೆ ಬರೆಯುವುದು ಎಂಬ ಪ್ರಶ್ನೆಗೆ ಅಲ್ಲಿದ್ದ ಉತ್ತರ ಒಂದೇ: ಕೈ ಪಳಗಲಿ, ಹೇಳಿದ್ದನ್ನು ಹೇಳಿದಂತೆ ಮಾಡಲಿ.

ಹಾಗೆಂದು ಆ ಶಾಲೆಗಳನ್ನು ಪೂರಾ ತಳ್ಳಿಹಾಕುವಂತೆಯೂ ಇಲ್ಲ. ಆಗ ವಾಸ್ತುಶಿಲ್ಪಿಯಾಗಲು ಇದ್ದ ರೂಢಿಯ ದಾರಿಯೆಂದರೆ, ಹೆಸರುಳ್ಳವನ ಕಚೇರಿಗೆ ದುಡ್ಡು ಕಟ್ಟಿ ಕೆಲವು ವರ್ಷ ಶಿಷ್ಯನಾಗಿ ಸೇರುವುದು. ಹಗಲು ಅಲ್ಲಿ ನಕ್ಷೆ ನಕಲು ಮಾಡುವ ಹುಡುಗರಿಗೆ ಕಲಾಶಾಲೆಗಳ ಸಂಜೆ ತರಗತಿಯೇ ಓದು. ಗ್ಲಾಸ್ಗೋದ ಪೊಲೀಸ್ ಗುಮಾಸ್ತನೊಬ್ಬನ ಮಗ ಚಾರ್ಲ್ಸ್ ರೆನಿ ಮ್ಯಾಕಿಂಟಾಶ್ ಹೀಗೆಯೇ ಹಗಲು ಕಚೇರಿಯಲ್ಲಿ ದುಡಿದು ಸಂಜೆ ಗ್ಲಾಸ್ಗೋ ಕಲಾಶಾಲೆಯಲ್ಲಿ ಕಲಿತ. 1890ರಲ್ಲಿ ಪ್ರವಾಸದ ವಿದ್ಯಾರ್ಥಿವೇತನ ಗೆದ್ದು ಮರುವರ್ಷ ಇಟಲಿಗೆ ಹೋಗಿ ಕಟ್ಟಡಗಳನ್ನು ಬರೆದ. ಅದೇ ಶಾಲೆ ಹೊಸ ಕಟ್ಟಡ ಕಟ್ಟಿಸಲು ಹೊರಟಾಗ, ಅದರ ನಕ್ಷೆ ಬರೆದದ್ದು ಸಂಜೆ ತರಗತಿಯ ಈ ಹಳೆಯ ವಿದ್ಯಾರ್ಥಿ.

ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು ಇನ್ನೂ ನಿಧಾನವಾಗಿ. 1842ರಲ್ಲಿ ಅವರಿಗೆ ಪ್ರತ್ಯೇಕ ವಿನ್ಯಾಸ ಶಾಲೆಯೇನೋ ಬಂತು. ರಾಯಲ್ ಅಕಾಡೆಮಿಯ ಶಾಲೆಯಲ್ಲಿ ಮಾತ್ರ ಹುಡುಗಿಯರಿಗೆ ಜಾಗವಿರಲಿಲ್ಲ. 1860ರಲ್ಲಿ ಲಾರಾ ಹರ್ಫರ್ಡ್ ತನ್ನ ಚಿತ್ರಗಳಿಗೆ ಹೆಸರಿನ ಬದಲು ಬರೀ ಇನಿಷಿಯಲ್ ಹಾಕಿ ಕಳಿಸಿದಳು. ಗಂಡಸಿರಬೇಕೆಂದು ಅಕಾಡೆಮಿ ಸೇರಿಸಿಕೊಂಡಿತು, ಆಮೇಲೆ ಹಿಂದೆ ಸರಿಯಲಾಗಲಿಲ್ಲ. ಕಟ್ಟಡಗಳ ವಿಷಯದಲ್ಲಿ ಇಷ್ಟೂ ಸುಲಭವಾಗಲಿಲ್ಲ. ಎಥೆಲ್ ಚಾರ್ಲ್ಸ್ ಮತ್ತು ಅವಳ ಸೋದರಿ ಬೆಸ್ಸಿಗೆ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ 1893ರಲ್ಲಿ ಪ್ರವೇಶ ನಿರಾಕರಿಸಿತು. 1898ರಲ್ಲಿ ಎಥೆಲ್ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯ ಮೊದಲ ಮಹಿಳಾ ಸದಸ್ಯೆಯಾದಾಗ ವಿಕ್ಟೋರಿಯಾ ಯುಗಕ್ಕೆ ಇನ್ನು ಮೂರೇ ವರ್ಷ ಬಾಕಿ.

*

ಕೋಲ್‌ನ ಪದ್ಧತಿಯನ್ನು ಮೈಯೆಲ್ಲ ಕೋಪವಾಗಿ ವಿರೋಧಿಸಿದವನು ಜಾನ್ ರಸ್ಕಿನ್. ‘ದಿ ಸ್ಟೋನ್ಸ್ ಆಫ್ ವೆನಿಸ್’ ಬರೆಯುವಾಗ ಅವನು ವೆನಿಸ್ಸಿನಲ್ಲಿ ಏಣಿ ಹತ್ತಿ ಕಮಾನುಗಳನ್ನು ತಾನೇ ಅಳೆದವನು, ಡೋಜ್‌ಗಳ ಅರಮನೆಯ ಕಂಬದ ತಲೆಗಳನ್ನು ಒಂದೊಂದಾಗಿ ಟಿಪ್ಪಣಿ ಮಾಡಿಕೊಂಡವನು. 1854ರಲ್ಲಿ ಲಂಡನ್ನಿನಲ್ಲಿ ದುಡಿಯುವವರ ಕಾಲೇಜು ಶುರುವಾದಾಗ ಅವನು ಅಲ್ಲಿ ಚಿತ್ರಪಾಠ ಹೇಳಲು ಒಪ್ಪಿಕೊಂಡ. ಬಡಗಿಗಳು, ಗುಮಾಸ್ತರು ಸಂಜೆ ಕೆಲಸ ಮುಗಿಸಿ ಬರುತ್ತಿದ್ದರು. ಅವರನ್ನು ಕಲಾವಿದರನ್ನಾಗಿ ಮಾಡುವುದು ತನ್ನ ಉದ್ದೇಶವಲ್ಲ, ಬಡಗಿ ಬಡಗಿಯಾಗಿಯೇ ಹೆಚ್ಚು ಸಂತೋಷವಾಗಿರುವಂತೆ ಮಾಡುವುದು ತನ್ನ ಉದ್ದೇಶ ಎಂಬುದು ಅವನ ನಿಲುವು. ಅವನ ತರಗತಿಯಲ್ಲಿ ಅಚ್ಚಿನ ಹಾಳೆಯ ಬದಲು ಕಲ್ಲು, ಎಲೆ, ಮರದ ಕೊಂಬೆ. ಮೊದಲು ಕಾಣುವುದನ್ನು ಕಲಿಯಿರಿ, ಕೈ ತಾನಾಗಿ ಬರುತ್ತದೆ ಎಂಬುದು 1857ರಲ್ಲಿ ಬಂದ ಅವನ ‘ದಿ ಎಲಿಮೆಂಟ್ಸ್ ಆಫ್ ಡ್ರಾಯಿಂಗ್’ ಪುಸ್ತಕದ ತಿರುಳು.

ಆ ತರಗತಿಗೆ ಬಂದವರಲ್ಲಿ ಜಾನ್ ವಾರ್ಲ್ಟನ್ ಬನ್ನಿ ಎಂಬ ಗುಮಾಸ್ತನಿದ್ದ. ಅವನು ಕೆಲಸ ಬಿಟ್ಟು ಚಿತ್ರಕಾರನಾದ, ಕೊನೆಗೆ ವೆನಿಸ್ಸಿನಲ್ಲೇ ನೆಲೆಸಿದ. 1870ರ ದಶಕದಲ್ಲಿ ಅಲ್ಲಿನ ಸೇಂಟ್ ಮಾರ್ಕ್ ಚರ್ಚಿನ ಜೀರ್ಣೋದ್ಧಾರ ನಡೆಯುತ್ತಿತ್ತು. ಹಳೆಯ ಬಣ್ಣಗಲ್ಲುಗಳನ್ನು ಕಿತ್ತು ಹೊಸದು ಕೂರಿಸುತ್ತಿದ್ದರು. ಕಟ್ಟಡದ ಪಶ್ಚಿಮದ ಮುಖವೂ ಹಾಗೆಯೇ ಹೋಗಿಬಿಟ್ಟೀತೆಂದು ಹೆದರಿದ ರಸ್ಕಿನ್, ಅದು ಇರುವ ಹಾಗೆಯೇ ಒಂದು ದೊಡ್ಡ ಚಿತ್ರ ಮಾಡಿಕೊಡಲು ಬನ್ನಿಗೆ ಹೇಳಿದ. ಬೆಳಗಿನ ಬೆಳಕು ಒಂದೇ ತರ ಇರುವಷ್ಟು ಹೊತ್ತು ಮಾತ್ರ ಕೂತು, ಸುಮಾರು 600 ಬೆಳಗುಗಳಲ್ಲಿ ಬನ್ನಿ ಅದನ್ನು ಬರೆದ. 1882ರಲ್ಲಿ ವೆನಿಸ್ಸಿನಲ್ಲೇ ತೀರಿಕೊಂಡ. ಚಿತ್ರ ಈಗ ಶೆಫೀಲ್ಡಿನಲ್ಲಿ ರಸ್ಕಿನ್ ಕಟ್ಟಿದ ಸಂಗ್ರಹದಲ್ಲಿದೆ. ಒಂದೊಂದು ಕಲ್ಲಿನ ಬಣ್ಣವೂ, ಅದರ ಸವೆತವೂ ಅದರಲ್ಲಿ ಉಳಿದಿವೆ.

ಅಜ್ಜನ ಪ್ರಶ್ನೆಗೆ ಎರಡನೆಯ ಉತ್ತರ ಇಲ್ಲಿದೆ. ಇವತ್ತು ಇಲ್ಲೇ ಇರುವುದು ನಾಳೆಯೂ ಹೀಗೆಯೇ ಇರುತ್ತದೆಂಬ ಭರವಸೆಯಿಲ್ಲ, ಅದಕ್ಕೇ ಬರೆಯುವುದು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಊರೂರಿನ ಕತೆ. ಕಾದಂಬರಿಕಾರನಾಗುವ ಮೊದಲು ಥಾಮಸ್ ಹಾರ್ಡಿ 1856ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಡಾರ್ಚೆಸ್ಟರಿನ ವಾಸ್ತುಶಿಲ್ಪಿಯೊಬ್ಬನ ಬಳಿ ಶಿಷ್ಯನಾಗಿ ಸೇರಿದವನು. ಹಳ್ಳಿ ಚರ್ಚುಗಳನ್ನು ಅಳೆದು ಬರೆಯುವುದು ಅವನ ಕೆಲಸ. ಅವನು ಬರೆದು ಮುಗಿಸಿದ ಮೇಲೆ ಹಳೆಯದನ್ನು ಕೆಡವಿ ‘ಸರಿ’ ಮಾಡುತ್ತಿದ್ದರು. 1870ರಲ್ಲಿ ಕಾರ್ನ್‌ವಾಲಿನ ಸೇಂಟ್ ಜೂಲಿಯಟ್ ಚರ್ಚನ್ನು ಅಳೆಯಲು ಹೋದಾಗ ಅವನಿಗೆ ಎಮ್ಮಾ ಗಿಫರ್ಡ್ ಸಿಕ್ಕಳು, ಮುಂದೆ ಅವಳೇ ಹೆಂಡತಿಯಾದಳು. ಚರ್ಚಿನ ಹಳೆಯ ಭಾಗಗಳು ಮಾತ್ರ ಉಳಿಯಲಿಲ್ಲ. 1906ರಲ್ಲಿ, ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು ವಿಲಿಯಂ ಮಾರಿಸ್ ಮತ್ತವನ ಗೆಳೆಯರು ಕಟ್ಟಿದ ಸಂಘಕ್ಕಾಗಿ ಬರೆದ ಪ್ರಬಂಧದಲ್ಲಿ, ಹಾರ್ಡಿ ತನ್ನ ಹರೆಯದ ಆ ಕೆಲಸಕ್ಕಾಗಿ ಪಶ್ಚಾತ್ತಾಪದ ದನಿಯಲ್ಲಿ ಮಾತಾಡುತ್ತಾನೆ. ಕಟ್ಟಡವನ್ನು ಬರೆದ ಕೈಯೇ ಅದನ್ನು ಕೆಡವಲೂ ನೆರವಾಗಿತ್ತು. ಅಳತೆಯ ಚಿತ್ರ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ಯಾರ ಮೇಜಿಗೆ ಹೋಗುತ್ತದೆ ಎಂಬುದು ಮುಖ್ಯ.

ಇಲ್ಲಿಯವರೆಗಿನ ಕತೆಯಲ್ಲಿ ಕೋಲ್ ಖಳನಾಯಕ, ರಸ್ಕಿನ್ ನಾಯಕ. ನಾನೂ ಬಹಳ ದಿನ ಹಾಗೆಯೇ ಓದಿದ್ದೆ, ನನ್ನ ಮೊದಲ ಸೆಮಿನಾರಿನಲ್ಲಿ ಹಾಗೆಯೇ ಮಂಡಿಸಿದ್ದೆ ಕೂಡ. ಆಮೇಲೆ ರಸ್ಕಿನ್ 1858ರ ಜನವರಿಯಲ್ಲಿ ಕೊಟ್ಟ ಒಂದು ಉಪನ್ಯಾಸ ಓದಿದೆ. ಅದನ್ನು ಕೊಟ್ಟದ್ದು ಕೋಲ್‌ನದೇ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿನಲ್ಲಿ. 1857ರ ದಂಗೆಯ ಬಿಸಿ ಇನ್ನೂ ಆರಿರಲಿಲ್ಲ. ಭಾರತೀಯರ ಅಲಂಕಾರಕಲೆ ಎಷ್ಟು ನವಿರಾದರೂ ಅದು ಪ್ರಕೃತಿಯನ್ನು ನೋಡಿ ಬರೆದದ್ದಲ್ಲ, ಅಂಥ ಕಲೆಯುಳ್ಳ ಜನ ಕ್ರೌರ್ಯಕ್ಕೆ ಇಳಿಯುತ್ತಾರೆ ಎಂದು ಅವನು ಅಲ್ಲಿ ವಾದಿಸಿದ. ಎಲೆಯೊಂದನ್ನು ಗಂಟೆಗಟ್ಟಲೆ ನೋಡಿ ಎಂದು ಬಡಗಿಗಳಿಗೆ ಹೇಳಿಕೊಟ್ಟವನು, ನಮ್ಮ ಒಂದು ಕಂಬವನ್ನೂ ಎದುರು ನಿಂತು ನೋಡದೆ ತೀರ್ಪು ಕೊಟ್ಟಿದ್ದ.

ಆದರೆ ಬರೀ ಯಾಂತ್ರಿಕರು ಎಂದು ನಾನು ತಳ್ಳಿಹಾಕಿದ್ದ ಕೋಲ್‌ನ ಪಾಳೆಯ 1851ರ ಪ್ರದರ್ಶನದಲ್ಲಿ ಭಾರತದ ನೇಯ್ಗೆ, ಕೆತ್ತನೆ, ಕುಸುರಿ ಕಂಡು ಬೆರಗಾಗಿತ್ತು. 1856ರಲ್ಲಿ ಬಂದ ಓವೆನ್ ಜೋನ್ಸ್‌ನ ‘ದಿ ಗ್ರಾಮರ್ ಆಫ್ ಆರ್ನಮೆಂಟ್’ ಪುಸ್ತಕ ಭಾರತದ ನಮೂನೆಗಳನ್ನು ಯೂರೋಪಿನವರು ಕಲಿಯಬೇಕಾದ ಮಾದರಿ ಎಂದೇ ಮುಂದಿಟ್ಟಿತು. ಕೋಲ್‌ನ ಮಗ, ಲೆಫ್ಟಿನೆಂಟ್ ಹೆನ್ರಿ ಹಾರ್ಡಿ ಕೋಲ್, 1869-70ರಲ್ಲಿ ಸಾಂಚಿಗೆ ಹೋಗಿ ಸುಮಾರು 33 ಅಡಿ ಎತ್ತರದ ಪೂರ್ವ ತೋರಣದ ಪಡಿಯಚ್ಚು ತೆಗೆಸಿದ. 1873ರಲ್ಲಿ ಸೌತ್ ಕೆನ್ಸಿಂಗ್ಟನ್ನಿನ ಎರಕಗಳ ದೊಡ್ಡ ಅಂಗಳಗಳು ತೆರೆದಾಗ, ಎತ್ತರ ಸಾಲದೆ ಎರಡು ತುಂಡಾಗಿ ನಿಂತಿದ್ದ ರೋಮಿನ ಟ್ರೇಜನ್ ಸ್ತಂಭದ ಜೊತೆ ಸಾಂಚಿಯ ತೋರಣವೂ ಅಲ್ಲಿತ್ತು. ಲಂಡನ್ನಿನ ವಿದ್ಯಾರ್ಥಿಯೊಬ್ಬ ಹಡಗು ಹತ್ತದೆ ಸಾಂಚಿಯನ್ನು ಬರೆಯಬಹುದಾಗಿತ್ತು. ಬಿಸಿಲಿಲ್ಲದ, ಬೆಟ್ಟವಿಲ್ಲದ, ಪ್ಲಾಸ್ಟರಿನ ಸಾಂಚಿ.

ಸೆಮಿನಾರಿನ ಆ ಪ್ರಬಂಧವನ್ನು ನಾನು ಪೂರ್ತಿ ತಿದ್ದಬೇಕಾಯಿತು.

*

ಲಂಡನ್ನಿನ ಪಠ್ಯಕ್ರಮ ಅಷ್ಟು ಹೊತ್ತಿಗೆ ಹಡಗು ಹತ್ತಿ ಭಾರತಕ್ಕೂ ಬಂದಿತ್ತು. ಮದರಾಸಿನಲ್ಲಿ 1850ರಲ್ಲಿ, ಕಲ್ಕತ್ತೆಯಲ್ಲಿ 1854ರಲ್ಲಿ, ಬೊಂಬಾಯಿಯಲ್ಲಿ ಜಮ್‌ಶೆಟ್‌ಜೀ ಜೀಜೀಭಾಯ್ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ 1857ರಲ್ಲಿ, ಲಾಹೋರಿನಲ್ಲಿ 1875ರಲ್ಲಿ ಕಲಾಶಾಲೆಗಳು ಶುರುವಾದವು. ಬೊಂಬಾಯಿಗೆ 1865ರಲ್ಲಿ ಬಂದ ಜಾನ್ ಗ್ರಿಫಿತ್ಸ್, ಲಾಕ್‌ವುಡ್ ಕಿಪ್ಲಿಂಗ್ ಇಬ್ಬರೂ ಸೌತ್ ಕೆನ್ಸಿಂಗ್ಟನ್ನಿನ ನಂಟಿದ್ದವರು. ಅದೇ ಜ್ಯಾಮಿತಿ, ಅದೇ ಎರಕದ ಎಲೆ. ಆದರೆ ಕಲಿಯಲು ಬಂದವರಲ್ಲಿ ಹಲವರ ಮನೆಯಲ್ಲೇ ಉಳಿ, ಸುತ್ತಿಗೆ, ಉಜ್ಜುಗೊರಡು ಇದ್ದವು. ಪಾಠ ಅಲ್ಲಿಂದ ಬೇರೆ ದಾರಿ ಹಿಡಿಯಿತು.

1878ರಿಂದ 1888ರವರೆಗೆ ಎದ್ದ ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್ಸನ್ನೇ ನೋಡಿ. ನಕ್ಷೆ ಎಫ್. ಡಬ್ಲ್ಯೂ. ಸ್ಟೀವನ್ಸ್‌ನದು. ಅಲ್ಲಿನ ಕಲ್ಲಿನ ಅಲಂಕಾರದಲ್ಲಿ ಬಹಳಷ್ಟು ಬೊಂಬಾಯಿ ಕಲಾಶಾಲೆಯ ವಿದ್ಯಾರ್ಥಿಗಳದು. ರೈಲಿಗೆ ಓಡುವ ಅವಸರದಲ್ಲಿ ನಾವು ಕತ್ತೆತ್ತಿ ನೋಡದ ಪ್ರಾಣಿಗಳು, ಹಕ್ಕಿಗಳು, ಎಲೆಗಳು ಒಮ್ಮೆ ತರಗತಿಯ ಕೆಲಸ. ಲಾಹೋರಿನಲ್ಲಿ ಕಿಪ್ಲಿಂಗ್‌ನ ಶಿಷ್ಯನಾಗಿದ್ದ ಭಾಯಿ ರಾಮ್ ಸಿಂಗ್ ಬಡಗಿ ಮನೆತನದವರು. 1890ರ ದಶಕದ ಆರಂಭದಲ್ಲಿ ವಿಕ್ಟೋರಿಯಾ ರಾಣಿಗೆ ಆಸ್ಬರ್ನ್ ಅರಮನೆಯ ದರ್ಬಾರು ಕೋಣೆಯನ್ನು ವಿನ್ಯಾಸ ಮಾಡಿಕೊಟ್ಟವರು ಅವರೇ. ಮುಂದೆ ತಾವು ಕಲಿತ ಶಾಲೆಗೇ ಪ್ರಿನ್ಸಿಪಾಲರಾದರು.

ಆದರೂ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ಜೈಪುರದ ವಿದ್ಯಾರ್ಥಿಗಳ ಹಾಳೆಗಳು. ಜೈಪುರ ಸಂಸ್ಥಾನದ ಎಂಜಿನಿಯರ್ ಸ್ಯಾಮ್ಯುಯೆಲ್ ಸ್ವಿಂಟನ್ ಜೇಕಬ್, ಅಲ್ಲಿನ ಕಲಾಶಾಲೆಯ ವಿದ್ಯಾರ್ಥಿಗಳನ್ನೂ ನಕ್ಷೆಗಾರರನ್ನೂ ಸೇರಿಸಿಕೊಂಡು, ದೆಹಲಿ, ಆಗ್ರಾ, ಫತೇಪುರ್ ಸಿಕ್ರಿ, ಆಮೇರ್ ಮುಂತಾದ ಕಡೆಯ ಕಟ್ಟಡಗಳ ಭಾಗಗಳನ್ನು ಅಳೆದು ಬರೆಸಿದ. 1890ರಿಂದ ‘ಜೇಪೋರ್ ಪೋರ್ಟ್‌ಫೋಲಿಯೋ’ ಎಂಬ ಹೆಸರಿನಲ್ಲಿ ಅವು ಭಾಗಭಾಗವಾಗಿ ಲಂಡನ್ನಿನಲ್ಲಿ ಅಚ್ಚಾದವು. ಕೊನೆಯ ಭಾಗ ಬರುವಷ್ಟರಲ್ಲಿ 1913 ಆಗಿತ್ತು. ಒಟ್ಟು 12 ಭಾಗ, ನೂರಾರು ದೊಡ್ಡ ಹಾಳೆ. ಒಂದು ಭಾಗದಲ್ಲಿ ಬರೀ ಕಂಬಗಳು, ಒಂದರಲ್ಲಿ ಬರೀ ಬಾಗಿಲುಗಳು, ಒಂದರಲ್ಲಿ ಕಮಾನು, ಒಂದರಲ್ಲಿ ಛತ್ರಿ, ಒಂದರಲ್ಲಿ ಝರೋಕ.

ಹಾಳೆಗಳನ್ನು ಹೊಲಿದು ಪುಸ್ತಕ ಮಾಡಲಿಲ್ಲ, ಬಿಡಿಯಾಗಿಯೇ ಇಟ್ಟರು. ಕಲ್ಲುಕುಟಿಗನೊಬ್ಬ ತನಗೆ ಬೇಕಾದ ಹಾಳೆಯನ್ನು ಎತ್ತಿಕೊಂಡು ಹೋಗಿ ಕಲ್ಲಿನ ಪಕ್ಕದಲ್ಲಿಟ್ಟುಕೊಳ್ಳಬೇಕು, ನಾಲ್ಕು ಕಂಬಗಳನ್ನು ಸಾಲಾಗಿ ಹರಡಿ ಹೋಲಿಸಬೇಕು. ಲೋಕೋಪಯೋಗಿ ಇಲಾಖೆ ಎಲ್ಲೆಡೆ ಒಂದೇ ಅಚ್ಚಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲದಲ್ಲಿ ಆ ನೆಲದ ಕೈಕೆಲಸ ಬಳಕೆಯಲ್ಲಿ ಉಳಿಯಲಿ ಎಂಬುದು ಜೇಕಬ್‌ನ ಆಸೆ. ಅಜ್ಜನ ಪ್ರಶ್ನೆಗೆ ಮೂರನೆಯ ಉತ್ತರ ಇದು. ಕಲ್ಲಿನಿಂದ ಕಾಗದಕ್ಕೆ ಬಂದದ್ದು ಮತ್ತೆ ಕಲ್ಲಿಗೆ ಹೋಗಲಿ ಎಂದು ಬರೆಯುವುದು. ಲಂಡನ್ನಿನ ಹುಡುಗ ಕಚೇರಿಯಿಂದ ಬಂದ ಅಚ್ಚಿನ ಹಾಳೆಯನ್ನು ನಕಲು ಮಾಡಿದ್ದ. ಜೈಪುರದ ಹುಡುಗ ನಿಂತ ಕಂಬವನ್ನು ಸವರಿ, ಅಳೆದು, ಇನ್ನೊಬ್ಬ ಕೆತ್ತಲೆಂದು ಬರೆದಿದ್ದ. ನೋಡಲು ಎರಡೂ ನಕಲೇ.

ಇಷ್ಟಾಗಿಯೂ ಆ ಹಾಳೆಗಳನ್ನು ತಿರುವುವಾಗ ಒಂದು ಕಸಿವಿಸಿ ಹೋಗುವುದಿಲ್ಲ. ಹನ್ನೆರಡು ಭಾಗ ಹುಡುಕಿದರೂ ಅಲ್ಲಿ ಒಂದು ಇಡೀ ಕಟ್ಟಡವಿಲ್ಲ. ಮಸೀದಿಯ ಕಂಬ, ಅರಮನೆಯ ಕಂಬ, ಗುಡಿಯ ಕಂಬ ಒಂದೇ ಹಾಳೆಯಲ್ಲಿ ಅಕ್ಕಪಕ್ಕ, ಗ್ಯಾರೇಜಿನ ಬಿಡಿಭಾಗಗಳ ಪಟ್ಟಿಯ ಹಾಗೆ. ಮುಖಪುಟದಲ್ಲಿ ಕಣ್ಣಿಗೆ ಬೀಳುವ ಹೆಸರುಗಳು ಮಹಾರಾಜರದು ಮತ್ತು ಜೇಕಬ್‌ನದು, ಗೆರೆ ಎಳೆದ ಹುಡುಗರದ್ದಲ್ಲ. ಅಳತೆಯ ಚಿತ್ರ ಚೆನ್ನಾಗಿ ಬಂದಷ್ಟೂ ಬರೆದವನು ಅದರಲ್ಲಿ ಕಾಣಿಸುವುದಿಲ್ಲ. ಇದು ಆ ವಿದ್ಯೆಯ ಶಿಸ್ತು. ಆದರೆ ಆ ಶಿಸ್ತು ಯಾರನ್ನು ಹೆಚ್ಚು ಸುಲಭವಾಗಿ ಮರೆಯಾಗಿಸಿತು ಎಂದೂ ಕೇಳಬೇಕು. ಬನ್ನಿಯ ಹೆಸರು ಅವನ ಚಿತ್ರದ ಜೊತೆ ಉಳಿದಿದೆ.

ಇನ್ನು ನಮ್ಮ ಕಡೆಯ ಗುಡಿಗಳು. ಅವು ದೊಡ್ಡ ಪುಸ್ತಕವೊಂದರಲ್ಲಿ ಮೊದಲು ಬಂದದ್ದು ಚಿತ್ರವಾಗಿ ಅಲ್ಲ, ಫೋಟೋ ಆಗಿ. 1866ರಲ್ಲಿ ಲಂಡನ್ನಿನಲ್ಲಿ ಬಂದ ಧಾರವಾಡ-ಮೈಸೂರು ವಾಸ್ತುಶಿಲ್ಪದ ಪುಸ್ತಕದಲ್ಲಿ ಪಿಗೌ, ನೀಲ್, ಬಿಗ್ಸ್ ತೆಗೆದ ಫೋಟೋಗಳಿವೆ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರಹಗಳಿವೆ. ಹಳೇಬೀಡಿನ ಗುಡಿಯನ್ನು ಗ್ರೀಸಿನ ಪಾರ್ಥೆನಾನ್ ಜೊತೆ ಇಟ್ಟು, ವಾಸ್ತುಕಲೆಯ ಎರಡು ತುದಿಗಳಿವು ಎಂದವನು ಇದೇ ಫರ್ಗುಸನ್. ಫೋಟೋದಲ್ಲಿ ಬೆರಗು ಬಂತು. ಗುಡಿ ಹೇಗೆ ನಿಂತಿದೆ ಎಂಬುದು ಬರಲು ಅಳತೆಯ ಚಿತ್ರವೇ ಬೇಕಾಯಿತು. 1896ರಲ್ಲಿ ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ ಚಾಲುಕ್ಯ ವಾಸ್ತುವಿನ ಮೇಲೆ ತಂದ ಪುಸ್ತಕದಲ್ಲಿ, ಆಗ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯ ಬಾಗಳಿ, ಕುರುವತ್ತಿ, ಮಾಗಳದಂಥ ಊರುಗಳ ಗುಡಿಗಳ ನೆಲನಕ್ಷೆಗಳು, ಕಂಬಗಳು, ಬಾಗಿಲವಾಡಗಳು ಇವೆ. ನಾನು ಬಾಗಳಿಗೆ ಹೋದಾಗ ಆ ಪುಟಗಳ ಝೆರಾಕ್ಸ್ ಹಿಡಿದುಕೊಂಡಿದ್ದೆ. ಕಂಬದ ಒಂದೊಂದು ಪಟ್ಟೆಯೂ ಹಾಳೆಯಲ್ಲಿದ್ದ ಹಾಗೆಯೇ ಸಿಕ್ಕುತ್ತ ಹೋದಾಗ ಮೈ ಜುಮ್ಮೆಂದಿತು. ಹಾಳೆಯಲ್ಲಿ ಇಲ್ಲದ್ದೂ ಇತ್ತು: ಎಣ್ಣೆಯ ಜಿಡ್ಡು, ದೀಪದ ಮಸಿ, ಕಂಬಕ್ಕೆ ಒರಗಿ ಕೂತ ಇಬ್ಬರು ಹೆಂಗಸರು.

*

ಮ್ಯಾಕಿಂಟಾಶ್ ಬರೆದುಕೊಟ್ಟ ಗ್ಲಾಸ್ಗೋದ ಕಲಾಶಾಲೆಗೆ 2014ರಲ್ಲಿ ಬೆಂಕಿ ಬಿತ್ತು. ದುರಸ್ತಿ ನಡೆಯುತ್ತಿರುವಾಗಲೇ 2018ರಲ್ಲಿ ಇನ್ನೊಮ್ಮೆ, ಮೊದಲಿಗಿಂತ ಭಯಂಕರವಾಗಿ. ಆ ಸುದ್ದಿಯನ್ನು ಗೈಡ್ ಕೋಣೆಯಲ್ಲಿ ಕೂತು ಮಾತಾಡಿಕೊಂಡ ದಿನ, ನಾನು ಮತ್ತೆ ಡಂಬಳಕ್ಕೆ ಹೋಗಿಬರುವುದಾಗಿ ಹೇಳಿದೆ.

ಈ ಸಲ ಅವಸರ ಮಾಡಲಿಲ್ಲ. ಬೆಳಿಗ್ಗೆಯೇ ಹೋಗಿ, ನೆಲಕ್ಕೆ ಗೂಟ ಹೊಡೆದು, ದಾರ ಕಟ್ಟಿ, ಒಂದು ಮೂಲೆಗೆ ಸೀಮೆಸುಣ್ಣದ ಗುರುತು ಹಾಕುವ ಬದಲು ಕಾಗದದ ಚೀಟಿ ಇಟ್ಟು ಎಣಿಸುತ್ತ ಹೋದೆ. ಹಿಂದಿನ ಸಲ ಎಲ್ಲಿ ತಪ್ಪಿದ್ದೆ ಎಂಬುದು ಗೊತ್ತಾಯಿತು. ನೆರಳಿರುವ ಉತ್ತರದ ಬದಿಯಲ್ಲಿ ಮೂಲೆಗಳನ್ನು ನೋಡಿರಲಿಲ್ಲ, ಇರಬಹುದೆಂದು ಊಹಿಸಿ ಬರೆದಿದ್ದೆ. ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ನಕ್ಷತ್ರ ಸರಿಯಾಗಿ ಕೂಡಿತು. 24.

ಅದೇ ಅಜ್ಜ ಕಟ್ಟೆಯ ಮೇಲಿದ್ದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ. ಹೋಗಿ ಹಾಳೆ ತೋರಿಸಿದೆ. ಅವರ ಹಳೆಯ ಪ್ರಶ್ನೆಗೆ ಈಗ ನನ್ನ ಹತ್ತಿರ ಮೂರು ಉತ್ತರಗಳಿದ್ದವು. ಅವರು ಪ್ರಶ್ನೆ ಕೇಳಲಿಲ್ಲ. ಕನ್ನಡಕ ಏರಿಸಿಕೊಂಡು, ಮೂಲೆಗಳ ಮೇಲೆ ಬೆರಳಿಟ್ಟು ನಿಧಾನಕ್ಕೆ ಒಂದು ಸುತ್ತು ಬಂದರು. ಪ್ರದಕ್ಷಿಣೆ ಹಾಕಿದ ಹಾಗೆ. ಆಮೇಲೆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು:

“ಛಲೋ ಬರ್ದೀರಿ. ಆದ್ರ ಬಸಪ್ಪನ್ನ ಬಿಟ್ಟೀರಲ್ಲ?”

ಹೌದು. ಗುಡಿಗೆ ಹೆಸರು ಕೊಟ್ಟ ಆ ದೊಡ್ಡ ಬಸವ ನನ್ನ ನಕ್ಷೆಯಲ್ಲಿ ಇರಲೇ ಇಲ್ಲ. ಗೋಡೆಯಲ್ಲವಲ್ಲ, ಅಳೆದಿರಲಿಲ್ಲ.

ಬೆಳಕು ಇನ್ನೂ ಅರ್ಧ ಗಂಟೆ ಇತ್ತು. ಒಳಗೆ ಹೋಗಿ, ಬಸಪ್ಪನ ಎದುರು ಕೂತು, ಪೆನ್ಸಿಲು ಚೂಪು ಮಾಡಿಕೊಂಡೆ.